ಹಿರಿಯರು ಬರುತ್ತಾರೆ, ಉಣ್ಣುತ್ತಾರೆ, ಹೋಗುವುದಿಲ್ಲ

ಹಾಲಸ್ವಾಮಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ.

ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಅವನು ಸ್ಟೋರ್ ಕೀಪರ್. ನಟ್ಟು, ಬೋಲ್ಟು, ವಾಷರುಗಳನ್ನು ಎಣಿಸಿ ಡಬ್ಬಿಗೆ ಹಾಕಿ, ಡಬ್ಬಿಯ ಮೇಲೆ ಚೀಟಿ ಅಂಟಿಸುವ ಕೆಲಸ. ಆ ಚೀಟಿಯನ್ನಾದರೂ ನೆಟ್ಟಗೆ ಬರೆಯುತ್ತಿದ್ದನೇ ಎಂದರೆ ಅದೂ ಇಲ್ಲ. 'ತುಕ್ಕು ಹಿಡಿದಿದೆ' ಎಂದು ಬರೆಯಬೇಕಾದ ಕಡೆ 'ಕಾಲನ ಕೈಗೆ ಸಿಕ್ಕಿದೆ' ಎಂದು ಬರೆದು ಮ್ಯಾನೇಜರ ಕೈಲಿ ಬೈಸಿಕೊಂಡಿದ್ದ. ತನ್ನ ಪ್ರತಿಭೆಗೆ ಫೌಂಡ್ರಿ ಸಾಲದು ಎಂದು ಅವನೇ ತೀರ್ಮಾನಿಸಿ, ತಾನು ವಾಸವಿದ್ದ ಭದ್ರಾವತಿಯ ಕಾಗದನಗರದಲ್ಲಿ 'ಭದ್ರಾ ಚಿತ್ರಕೂಟ' ಎಂಬ ಫಿಲ್ಮ್ ಕ್ಲಬ್ಬಿಗೆ ಕಾರ್ಯದರ್ಶಿಯಾಗಿದ್ದ. ಕ್ಲಬ್ಬಿನ ಸದಸ್ಯರು ಹನ್ನೊಂದು ಜನ. ತಪ್ಪದೆ ಬರುವವರು ನಾಲ್ವರು. ಆ ನಾಲ್ವರಲ್ಲಿ ಒಬ್ಬರು ಬರುತ್ತಿದ್ದದ್ದು ಫ್ಯಾನಿನ ಗಾಳಿಗೆ.

ಇಷ್ಟಾದರೂ ತಿಂಗಳಿಗೊಂದು ದಿನ ಕಾಗದನಗರದ ಹಳೇ ಕ್ಲಬ್ ಹಾಲಿನಲ್ಲಿ ಮೈಕ್ ಹಿಡಿದು "ಚಿತ್ರರಸಿಕರೇ" ಎಂದು ಶುರುಮಾಡಿದನೆಂದರೆ ಹಾಲಸ್ವಾಮಿ ಸ್ಟೋರ್ ಕೀಪರ್ ಆಗಿ ಉಳಿಯುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅದೇ ಹಾಲಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಸಿನಿಮಾ ನೋಡಿ ಬೆಳೆದವನು ಅವನು. ಆ ಹಾಲೆಂದರೆ ಅವನಿಗೆ ಪ್ರಾಣ. ಅದನ್ನು ಹೇಳಿಕೊಳ್ಳಲು ನಾಚಿಕೆಯೂ ಇರಲಿಲ್ಲ.

ಆ ಹಾಲಿನ ಸಮಿತಿಯ ಅಧ್ಯಕ್ಷ ಧರ್ಮೇಂದ್ರ. ಹೆಸರು ಕೇಳಿ ಯಾರೂ ಮೋಸಹೋಗಬಾರದು. ಅವನ ತಂದೆ ಭೂತಪ್ಪನವರು ಮೂವತ್ತು ವರ್ಷ ಇದೇ ಹಾಲಿನಲ್ಲಿ ಸಿನಿಮಾ ಮಷೀನು ಓಡಿಸಿದವರು. ಸಿನಿಮಾ ಹುಚ್ಚಿನಲ್ಲಿ ಮಗನಿಗೆ ಆ ಹೆಸರಿಟ್ಟರು. ಮಗ ಆ ಹುಚ್ಚು ನೋಡಿ ನೋಡಿ ಸಿನಿಮಾವನ್ನೇ ಬಿಟ್ಟ. "ನಮ್ಮಪ್ಪ ನನ್ನ ಹೆಸರು ಕರೆದಿದ್ದಕ್ಕಿಂತ ಇಂಟರ್ವಲ್ ಅಂತ ಕೂಗಿದ್ದೇ ಹೆಚ್ಚು" ಎಂದು ಅವನು ಯಾರು ಸಿಕ್ಕರೂ ಹೇಳುತ್ತಿದ್ದ. ಭೂತಪ್ಪನವರು ಹೋಗಿ ಒಂಬತ್ತು ವರ್ಷವಾಗಿತ್ತು. ಮಗನ ಸಿಟ್ಟು ಮಾತ್ರ ಹೋಗಿರಲಿಲ್ಲ.

ಸೆಪ್ಟೆಂಬರಿನ ಒಂದು ಭಾನುವಾರ ಈ ಧರ್ಮೇಂದ್ರ ಹಾಲಸ್ವಾಮಿಯ ಮನೆ ಮುಂದೆ ಬೈಕ್ ನಿಲ್ಲಿಸಿದ.

"ನೋಡು ಮಾರಾಯ, ಜುಂಬಾ ಕ್ಲಾಸಿನವರು ಹಾಲ್ ಕೇಳ್ತಿದ್ದಾರೆ. ಅವರದು ನಲವತ್ತು ಜನ, ಎಲ್ಲರೂ ಕುಣೀತಾರೆ. ನಿಮ್ಮದು ನಾಲ್ಕು ಜನ, ಅದರಲ್ಲಿ ಒಬ್ರು ಗೊರಕೆ ಹೊಡೀತಾರೆ."

"ಅದು ಗೊರಕೆ ಅಲ್ಲಣ್ಣ, ತಲ್ಲೀನತೆ."

"ಏನಾದ್ರೂ ಇರ್ಲಿ. ಮುಂದಿನ ಶೋಗೆ ಐವತ್ತು ಕುರ್ಚಿ ತುಂಬ್ಬೇಕು. ನಾನೇ ಬಂದು ಎಣಿಸ್ತೀನಿ. ಒಂದು ಖಾಲಿ ಇದ್ರೂ ಹಾಲ್ ಜುಂಬಾಗೆ."

ಹಾಲಸ್ವಾಮಿಗೆ ಆ ರಾತ್ರಿ ಅನ್ನ ಸೇರಲಿಲ್ಲ. ಹೆಂಡತಿ ಜಗದಾಂಬಾ ಎರಡನೇ ರೊಟ್ಟಿ ಹಾಕಲು ಬಂದರೆ ಕೈ ಅಡ್ಡ ಹಿಡಿದು, "ನಾಲ್ಕರಿಂದ ಐವತ್ತು" ಎಂದ. ರೊಟ್ಟಿಯ ಲೆಕ್ಕವೆಂದುಕೊಂಡು ಆಕೆ ಗಾಬರಿಯಾದಳು.

ಮುಂದಿನ ಸಿನಿಮಾ ಆಗಲೇ ಆಯ್ಕೆಯಾಗಿತ್ತು. ಆಯ್ಕೆ ಮಾಡುವವರು ಶಿವಮೊಗ್ಗದ ಕಾಲೇಜೊಂದರ ಲೆಕ್ಚರರ್ ಅಕ್ಷರಾ. ಆಕೆ ತರುವ ಸಿನಿಮಾಗಳಲ್ಲಿ ಸಾಮಾನ್ಯವಾಗಿ ಒಬ್ಬ ಮನುಷ್ಯ ಕಿಟಕಿಯಿಂದ ಹೊರಗೆ ನೋಡುತ್ತಿರುತ್ತಾನೆ, ಒಂದೂವರೆ ಗಂಟೆಯಾದ ಮೇಲೆ ಕಿಟಕಿ ಮುಚ್ಚುತ್ತಾನೆ. ಈ ಸಲದ್ದು ಹಾಗಲ್ಲ ಎಂದು ಆಕೆ ಫೋನಿನಲ್ಲಿ ಭರವಸೆ ಕೊಟ್ಟರು.

"ಇದು ಹಬ್ಬದ ಹಾರರ್ ಕಾಮಿಡಿ ಸಾರ್. ಯಾವುದೋ ಹಿಮದ ದೇಶದ್ದು. ಕ್ರಿಸ್‌ಮಸ್ ಊಟಕ್ಕೆ ಎಲ್ಲ ಕೂತಿರ್ತಾರೆ, ಆಗ ಸತ್ತುಹೋದ ಅಜ್ಜ, ಅಜ್ಜಿ, ಮುತ್ತಜ್ಜ ಎಲ್ಲ ನೆಲಮಾಳಿಗೆಯಿಂದ ಎದ್ದು ಬರ್ತಾರೆ. ಊಟ ಮಾಡ್ತಾರೆ. ಉಪ್ಪು ಕಮ್ಮಿ ಅಂತಾರೆ. ಆಮೇಲೆ ವಾಪಸ್ ಹೋಗೋದೇ ಇಲ್ಲ."

ಸಿನಿಮಾದ ಮೂಲ ಹೆಸರನ್ನು ಹಾಲಸ್ವಾಮಿ ಮೂರು ಸಲ ಉಚ್ಚರಿಸಲು ಹೋಗಿ ಮೂರು ಸಲವೂ ನಾಲಿಗೆ ಕಚ್ಚಿಕೊಂಡ. ಆದರೆ ಅವನ ಬುದ್ಧಿ ಚುರುಕಾಯಿತು. ಪ್ರದರ್ಶನ ಇದ್ದದ್ದು ಅಕ್ಟೋಬರ್ ಎರಡಕ್ಕೆ. ಗಾಂಧಿ ಜಯಂತಿ, ಸರ್ಕಾರಿ ರಜೆ. ಆ ವರ್ಷ ಮಹಾಲಯ ಅಮಾವಾಸ್ಯೆಯೂ ಅದೇ ದಿನ ಬಿದ್ದಿತ್ತು. ಸತ್ತ ಅಜ್ಜ ಅಜ್ಜಿ ವರ್ಷಕ್ಕೊಮ್ಮೆ ಊಟಕ್ಕೆ ಬರುವುದಕ್ಕೆ ನಮ್ಮ ಕಡೆ ಏನೆನ್ನುತ್ತಾರೆ? ಹಿರಿಯರ ಹಬ್ಬ. ಹಾಲಸ್ವಾಮಿ ಸಿನಿಮಾಕ್ಕೆ ಅದೇ ಹೆಸರಿಟ್ಟ. ತನ್ನ ಜಾಣತನಕ್ಕೆ ತಾನೇ ಬೆರಗಾಗಿ ರಾತ್ರಿಯೇ ಪೋಸ್ಟರ್ ಬರೆದು, ಊರಿನ ವಾಟ್ಸಾಪ್ ಗುಂಪುಗಳಿಗೆಲ್ಲ ಹಾಕಿದ. ಅದು ಹೀಗಿತ್ತು:

ಭದ್ರಾ ಚಿತ್ರಕೂಟ
ಹಿರಿಯರ ಹಬ್ಬ
ಅಕ್ಟೋಬರ್ 2, ಬೆಳಿಗ್ಗೆ 11ಕ್ಕೆ, ಕಾಗದನಗರ ಕ್ಲಬ್ ಹಾಲ್
ಹಿರಿಯರು ಬರುತ್ತಾರೆ, ಉಣ್ಣುತ್ತಾರೆ, ಹೋಗುವುದಿಲ್ಲ.
ತಪ್ಪದೇ ಬನ್ನಿ. ಪ್ರವೇಶ ಉಚಿತ.

ಜಗದಾಂಬಾ ಬೆಳಿಗ್ಗೆ ಅದನ್ನು ಓದಿ, "ರೀ, ಇದರಲ್ಲಿ ಸಿನಿಮಾ ಅಂತ ಎಲ್ಲಿದೆ?" ಎಂದಳು.

"ಚಿತ್ರಕೂಟ ಅಂತ ಇಲ್ವಾ? ಚಿತ್ರ ಅಂದ್ರೆ ಸಿನಿಮಾ. ರಸಿಕರಿಗೆ ಸೂಚನೆ ಸಾಕು ಕಣೆ."

"ಚಿತ್ರಕೂಟ ಅಂದ್ರೆ ರಾಮ ವನವಾಸಕ್ಕೆ ಹೋದ ಜಾಗ" ಎಂದು ಆಕೆ ಒಳಗೆ ಹೋದಳು. ಇಡೀ ಪ್ರಕರಣದಲ್ಲಿ ಸಮಯಕ್ಕೆ ಸರಿಯಾಗಿ ಬಂದ ಬುದ್ಧಿಮಾತು ಇದೊಂದೇ. ಹೆಂಡತಿಯದಾದ್ದರಿಂದ ಅದು ಗಾಳಿಗೆ ಹೋಯಿತು.

ಮರುದಿನ ಎದುರು ಮನೆಯ ದಿವ್ಯಶ್ರೀ ಗೇಟಿನ ಹತ್ತಿರ ನಿಂತು ಕರೆದಳು. "ಅಂಕಲ್, ಕ್ಲಬ್ಬಲ್ಲಿ ಸಾಮೂಹಿಕವಾಗಿ ಇಟ್ಟಿದ್ದೀರಂತೆ, ಬಹಳ ಒಳ್ಳೇದಾಯ್ತು. ಮನೇಲಿ ಒಬ್ಬಳೇ ಮಾಡೋದು ಕಷ್ಟ. ನಮ್ಮ ಹಿರಿಯರು ಇಬ್ರಿದ್ದಾರೆ, ಅತ್ತೆ, ಮಾವ. ಕರ್ಕೊಂಡು ಬರ್ಬಹುದಾ?"

"ಧಾರಾಳವಾಗಿ ಬನ್ನಮ್ಮ. ಮುಂದಿನ ಸಾಲಲ್ಲೇ ಕೂರಿಸೋಣ."

ದಿವ್ಯಶ್ರೀಯ ಅತ್ತೆ ಮಾವ ತೀರಿಕೊಂಡು ಆರು ವರ್ಷವಾಗಿತ್ತು. ಮಾವನ ತಿಥಿಯಲ್ಲಿ ಹಾಲಸ್ವಾಮಿಯೇ ಎರಡು ಸಲ ಪಾಯಸ ಹಾಕಿಸಿಕೊಂಡಿದ್ದ. ಆದರೆ ಐವತ್ತರ ಗುಂಗಿನಲ್ಲಿದ್ದವನಿಗೆ 'ಇಬ್ಬರು' ಎಂಬುದಷ್ಟೇ ಕಿವಿಗೆ ಬಿತ್ತು. ಮನೆಗೆ ಬಂದು ಕ್ಯಾಲೆಂಡರಿನ ಹಿಂದೆ 'ಏಳು' ಎಂದು ಬರೆದುಕೊಂಡ, ದಿವ್ಯಶ್ರೀಯನ್ನೂ ಸೇರಿಸಿ.

ಅದೇ ಸಂಜೆ ಶಿವಮೊಗ್ಗದಿಂದ ಫೋನು ಬಂತು. ಮಾತಾಡಿದವರು ವಿಷ್ಣುಪ್ರಸಾದ್ ಎಂಬ ಅಧಿಕಾರಿ. ಅಕ್ಟೋಬರ್ ಒಂದು ಹಿರಿಯ ನಾಗರಿಕರ ದಿನ. ಅದನ್ನು ಆಚರಿಸಿ, ಫೋಟೋ ತೆಗೆದು, ಮೇಲಕ್ಕೆ ವರದಿ ಕಳಿಸುವ ಜವಾಬ್ದಾರಿ ಅವರ ತಲೆ ಮೇಲಿತ್ತು.

"ನಮಗೆ ಒಂದನೇ ತಾರೀಕು ಹಾಲೇ ಸಿಗ್ಲಿಲ್ಲ ಸಾರ್. ನೀವು ಹೇಗೂ ಮಾರನೇ ದಿನ ಹಿರಿಯರಿಗೆ ಅಂತ ಇಟ್ಟಿದ್ದೀರಿ. ನಮ್ಮ ಕಡೆಯಿಂದ ಇಪ್ಪತ್ತೊಂದು ಜನ ಹಿರಿಯರನ್ನ ಬಸ್ಸಲ್ಲಿ ಕರ್ಕೊಂಡು ಬರ್ತೀನಿ. ಊಟ ನಿಮ್ಮದೇ ಅಲ್ವಾ?"

"ಊಟ?"

"ಉಣ್ಣುತ್ತಾರೆ ಅಂತ ಹಾಕಿದ್ದೀರಲ್ಲ."

ಇಪ್ಪತ್ತೊಂದು ಎಂಬ ಸಂಖ್ಯೆ ಹಾಲಸ್ವಾಮಿಯ ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿತ್ತು. "ಬರ್ಲಿ ಸಾರ್" ಎಂದುಬಿಟ್ಟ.

"ಹೋಗುವುದಿಲ್ಲ ಅಂತಲೂ ಹಾಕಿದ್ದೀರಿ. ಅದೇನು?"

"ಅದು ಭಾವನಾತ್ಮಕವಾಗಿ ಸಾರ್."

"ಭಾವನೆ ಇರ್ಲಿ. ಬಸ್ ಮಾತ್ರ ಎರಡೂವರೆಗೆ ಹೊರಡ್ಬೇಕು."

ಹಬ್ಬದ ದಿನ ಹತ್ತು ಗಂಟೆಗೆ ಹಾಲಸ್ವಾಮಿ ಇಸ್ತ್ರಿ ಮಾಡಿದ ಜುಬ್ಬಾ ಹಾಕಿ ಐವತ್ತು ಕುರ್ಚಿಗಳನ್ನು ಐದು ಸಾಲಾಗಿ ಜೋಡಿಸಿದ. ಅಕ್ಷರಾ ಲ್ಯಾಪ್‌ಟಾಪ್ ಮತ್ತು ಪ್ರೊಜೆಕ್ಟರು ತಂದು ತಂತಿ ಬಿಡಿಸುತ್ತಾ ಕೂತರು. ಚಿತ್ರಕೂಟದ ಉಳಿದ ಸದಸ್ಯರು, ಗಾಳಿಗೆ ಬರುವವರೂ ಸೇರಿ, ಮನೆಯಲ್ಲಿ ಹಬ್ಬವೆಂದು ಕೈಕೊಟ್ಟಿದ್ದರು. ಜಗದಾಂಬಾ ಮನಸ್ಸಿಲ್ಲದ ಮನಸ್ಸಿನಿಂದ ಒಂದು ದೊಡ್ಡ ಪಾತ್ರೆ ಚಿತ್ರಾನ್ನ ಮಾಡಿ ತಂದಿದ್ದಳು.

ಮೊದಲು ಬಸ್ಸು ಬಂತು. ಇಪ್ಪತ್ತೊಂದು ಜನ ಹಿರಿಯರು ಒಬ್ಬೊಬ್ಬರಾಗಿ ಇಳಿದರು. ಎಲ್ಲರಿಗಿಂತ ಮುಂದೆ ನಿವೃತ್ತ ಹೆಡ್ ಮಾಸ್ಟರ್ ಗೋವಿಂದರಾಯರು, ಕೈಯಲ್ಲಿ ಕೊಡೆ. ಇಳಿದವರೇ ನಾಲ್ಕೂ ಕಡೆ ನೋಡಿ, "ಸಿಂಹ ಎಲ್ಲಿ?" ಎಂದರು.

"ಯಾವ ಸಿಂಹ ಸಾರ್?" ಎಂದ ಹಾಲಸ್ವಾಮಿ.

"ತ್ಯಾವರೆಕೊಪ್ಪಕ್ಕೆ ಕರ್ಕೊಂಡು ಹೋಗ್ತೀವಿ, ಸಿಂಹ ತೋರಿಸ್ತೀವಿ ಅಂತ ಹೇಳಿ ಬಸ್ ಹತ್ತಿಸಿದ್ರು."

ವಿಷ್ಣುಪ್ರಸಾದ್ ಹಿಂದಿನಿಂದ ಬಂದು, "ಹಾಗಂದ್ರೆ ಮಾತ್ರ ಬರ್ತಾರೆ ಸಾರ್" ಎಂದು ಪಿಸುಗುಟ್ಟಿ, 'ಹಿರಿಯ ನಾಗರಿಕರ ದಿನಾಚರಣೆ' ಎಂಬ ಬ್ಯಾನರನ್ನು ಸೀದಾ ಸಿನಿಮಾ ಪರದೆಯ ಮೇಲೆ ಕಟ್ಟಿದರು. ಅಕ್ಷರಾ ಅದನ್ನು ಬಿಚ್ಚಿದರು. ಇವರು ಮತ್ತೆ ಕಟ್ಟಿದರು.

ಇಪ್ಪತ್ತೊಂದು ಕುರ್ಚಿ ತುಂಬಿದ್ದನ್ನು ಕಂಡು ಹಾಲಸ್ವಾಮಿ ಹಿಗ್ಗಿ ಹೀರೇಕಾಯಿಯಾದ. ಅಷ್ಟರಲ್ಲಿ ದಿವ್ಯಶ್ರೀ ಬಂದಳು. ಅವಳ ಹಿಂದೆ ಕಾಗದನಗರದ ಹನ್ನೆರಡು ಹೆಂಗಸರು. ಎಲ್ಲರ ಒಂದು ಕೈಯಲ್ಲಿ ಟಿಫಿನ್ ಕ್ಯಾರಿಯರು, ಬಾಳೆ ಎಲೆ. ಇನ್ನೊಂದು ಕೈಯಲ್ಲಿ ಹಾರ ಹಾಕಿದ ಫೋಟೋ. ದಿವ್ಯಶ್ರೀಯ ಹತ್ತಿರ ಎರಡು.

ಹಾಲಸ್ವಾಮಿ ಬಾಯಿ ತೆರೆದ. ಇಂಥ ಸಂದರ್ಭಕ್ಕೆ ತಕ್ಕ ಪ್ರಾಸ ಅವನ ಹತ್ತಿರ ಇರಲಿಲ್ಲ.

"ಮುಂದಿನ ಸಾಲು ಅಂದಿದ್ರಲ್ಲ ಅಂಕಲ್" ಎಂದು ದಿವ್ಯಶ್ರೀ ಅತ್ತೆ ಮಾವನನ್ನು ಎರಡು ಕುರ್ಚಿಗಳಲ್ಲಿ ಕೂರಿಸಿ, ತಾನು ಪಕ್ಕದಲ್ಲಿ ಕೂತಳು. ಉಳಿದವರೂ ತಮ್ಮ ತಮ್ಮ ಹಿರಿಯರನ್ನು ಖಾಲಿ ಇದ್ದ ಕಡೆ ಕೂರಿಸಿದರು. ಕುರ್ಚಿಗಳ ಮುಂದೆ ನೆಲದ ಮೇಲೆ ಎಲೆ ಹಾಸಿದರು. ವಡೆ, ಕಡುಬು, ಕಜ್ಜಾಯ, ಪಾಯಸ, ಕುಂಬಳಕಾಯಿ ಪಲ್ಯ ಎಲ್ಲ ಬಡಿಸಿ, ಊದುಬತ್ತಿ ಹಚ್ಚಿದರು. ಹೊಗೆ ಪ್ರೊಜೆಕ್ಟರಿನ ಮೇಲೆ ಹೋಯಿತು.

ಗೋವಿಂದರಾಯರು ಪಕ್ಕದ ಕುರ್ಚಿ ನೋಡಿದರು. ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದರು.

"ಏನಯ್ಯ ಇದು? ಈ ಮನುಷ್ಯ ನನ್ನ ಜೊತೆ ಹತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದೋನು. ಇವನ ಮಣ್ಣಿಗೆ ನಾನೇ ಹೋಗಿ ಬಂದಿದ್ದೀನಿ. ಇವನು ಯಾಕೆ ನನ್ನ ಪಕ್ಕ ಕೂತಿದ್ದಾನೆ? ಅಥ್ವಾ ನಾನು ಯಾಕೆ ಇವನ ಪಕ್ಕ ಕೂತಿದ್ದೀನಿ?"

ಎರಡನೇ ಪ್ರಶ್ನೆ ಕೇಳುವಾಗ ಅವರ ದನಿ ಸಣ್ಣಗಾಗಿತ್ತು. ಹಾಲಸ್ವಾಮಿ ಉತ್ತರ ಹುಡುಕುವಷ್ಟರಲ್ಲಿ ವಿಷ್ಣುಪ್ರಸಾದ್ ನಮೂನೆ ಹಿಡಿದು ಹಿರಿಯರ ಹೆಸರು ಬರೆದುಕೊಳ್ಳುತ್ತಾ ಮುಂದಿನ ಸಾಲಿಗೆ ಬಂದಿದ್ದರು. ಅವರಿಗೆ ತಲೆ ಎತ್ತಿ ನೋಡುವ ಅಭ್ಯಾಸವಿರಲಿಲ್ಲ.

"ನಿಮ್ಮ ಕಡೆಯಿಂದ ಯಾರಮ್ಮ ಹಿರಿಯರು?"

"ನಮ್ಮ ಮಾವ" ಎಂದಳು ದಿವ್ಯಶ್ರೀ.

"ವಯಸ್ಸು?"

"ಇವತ್ತಿಗೆ ಲೆಕ್ಕ ಹಾಕಿದ್ರೆ ತೊಂಬತ್ತೆರಡು."

"ಭಲೇ. ಬಿಪಿ, ಶುಗರ್ ಏನಾದ್ರೂ?"

"ಮೊದ್ಲು ಇತ್ತು. ಈಗ ಯಾವ ತೊಂದ್ರೆನೂ ಇಲ್ಲ."

"ಮಾತ್ರೆ?"

"ಎಲ್ಲ ನಿಲ್ಲಿಸಿ ಆರು ವರ್ಷ ಆಯ್ತು."

"ಊಟ, ತಿಂಡಿ?"

"ವರ್ಷಕ್ಕೊಂದ್ಸಲ."

ವಿಷ್ಣುಪ್ರಸಾದ್ 'ಮಿತಾಹಾರಿ' ಎಂದು ಬರೆದುಕೊಂಡರು. "ಇಂಥವರಿಗೇ ಮೊದಲ ಶಾಲು ಹೊದಿಸ್ಬೇಕು. ವೇದಿಕೆಗೆ ಕರ್ಕೊಂಡು ಬರ್ತೀರಾ? ಕೈ ಹಿಡ್ಕೊಳ್ಳೋದು ಬೇಕಾ?"

"ಬೇಡ ಸಾರ್, ಎತ್ಕೊಂಡೇ ಬರ್ತೀನಿ" ಎಂದು ದಿವ್ಯಶ್ರೀ ಫೋಟೋ ಎತ್ತಿ ಅವರ ಮುಂದೆ ಹಿಡಿದಳು.

ಆಗ ವಿಷ್ಣುಪ್ರಸಾದ್ ತಲೆ ಎತ್ತಿದರು. ಫೋಟೋ ನೋಡಿದರು, ಹಾರ ನೋಡಿದರು, ಸಾಲಾಗಿ ಕೂತಿದ್ದ ಉಳಿದ ಹದಿಮೂರು ಫೋಟೋಗಳನ್ನು ನೋಡಿದರು. ನಮೂನೆಯಲ್ಲಿ ಇದಕ್ಕೆ ಕಾಲಂ ಇರಲಿಲ್ಲ. ಅವರು ಬೆವರು ಒರೆಸಿಕೊಳ್ಳಲು ಕೈಗೆ ಸಿಕ್ಕ ಶಾಲನ್ನೇ ಬಳಸಿದರು.

"ಹಾಲಸ್ವಾಮಿಯವರೇ, ಏನ್ರೀ ಇದು? ನಾನು ಬದುಕಿರೋ ಹಿರಿಯರ ಕಾರ್ಯಕ್ರಮಕ್ಕೆ ಬಂದಿರೋದು."

"ಹಾಗಾದ್ರೆ ಇದು ನಮ್ಮ ಹಿರಿಯರ ಹಬ್ಬ ಅಲ್ವಾ?" ಎಂದಳು ದಿವ್ಯಶ್ರೀ.

"ಸಿಂಹ ಇಲ್ಲ ಅನ್ನೋದಂತೂ ಖಾತ್ರಿ ಆಯ್ತು" ಎಂದರು ಗೋವಿಂದರಾಯರು.

ಜಗದಾಂಬಾ ಗಂಡನನ್ನು ಕಂಬದ ಮರೆಗೆ ಎಳೆದಳು. "ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ರು ಅಂತ ಗಾದೆ ಇದೆ. ನೀವು ಊರಿನವರ ಅಪ್ಪಂದಿರನ್ನೆಲ್ಲ ತಂದು ಕೂರಿಸಿದ್ದೀರಿ. ಹೋಗಿ ನಿಜ ಹೇಳಿ."

ಹಾಲಸ್ವಾಮಿ ಮೈಕ್ ಹಿಡಿದ. ಜೀವನದಲ್ಲಿ ಮೊದಲ ಸಲ ಅವನು 'ಚಿತ್ರರಸಿಕರೇ' ಎನ್ನಲಿಲ್ಲ.

"ಎಲ್ಲರೂ ಕ್ಷಮಿಸ್ಬೇಕು. ಇದು ಸಿನಿಮಾ. ಹಿರಿಯರ ಹಬ್ಬ ಅನ್ನೋದು ಸಿನಿಮಾದ ಹೆಸರು. ನಾನೇ ಇಟ್ಟಿದ್ದು. ಸತ್ತವರು ಊಟಕ್ಕೆ ಬಂದು ವಾಪಸ್ ಹೋಗಲ್ಲ ಅನ್ನೋ ತಮಾಷೆ ಕಥೆ. ಸಿನಿಮಾ ಅನ್ನೋ ಒಂದು ಪದ ಹಾಕೋದು ಬಿಟ್ಟುಹೋಯ್ತು. ಐವತ್ತು ಕುರ್ಚಿ ತುಂಬದಿದ್ರೆ ಈ ಹಾಲ್ ನಮ್ಮ ಕೈ ತಪ್ಪುತ್ತೆ. ಆ ಆಸೆಗೆ ಬಿದ್ದು ನನಗೆ ಯಾರು ಏನು ಹೇಳಿದ್ರೂ ತಲೆಗೆ ಹೋಗ್ಲಿಲ್ಲ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ದಿವ್ಯಶ್ರೀಯೇ ಮಾತಾಡಿದಳು.

"ಈಗೇನು ಮಾಡೋಕಾಗುತ್ತೆ ಅಂಕಲ್? ಎಡೆ ಇಟ್ಟಾಗಿದೆ. ಹಿರಿಯರು ಬಂದು ಕೂತಾಗಿದೆ. ಉಣ್ಣೋಕೆ ಕೂತವರನ್ನ ಎಬ್ಬಿಸ್ಬಾರ್ದು. ಬಾಗಿಲು ಹಾಕಿ ಸ್ವಲ್ಪ ಹೊತ್ತು ಅವರ ಪಾಡಿಗೆ ಬಿಡ್ಬೇಕು."

"ನನಗೂ ಬಾಗಿಲು ಹಾಕ್ಬೇಕು" ಎಂದರು ಅಕ್ಷರಾ ಲ್ಯಾಪ್‌ಟಾಪಿನ ಹಿಂದಿನಿಂದ. "ಪರದೆ ಮೇಲೆ ಬಿಸಿಲು ಬೀಳ್ತಿದೆ."

ಶಾಸ್ತ್ರವೂ ಸಿನಿಮಾವೂ ಒಂದೇ ಬಾಗಿಲಿಗೆ ಬಂದು ನಿಂತವು. ಗೋವಿಂದರಾಯರಿಗೆ ಮಾತ್ರ ಒಂದು ಅನುಮಾನ ಉಳಿಯಿತು.

"ಎಡೆ ಇಟ್ಟ ಮೇಲೆ ಹಿರಿಯರು ಒಳಗಿರ್ಬೇಕು, ಉಳಿದವರು ಹೊರಗೆ. ಹಾಗಾದ್ರೆ ನಾವು ಒಳಗಾ, ಹೊರಗಾ?"

ಜಗದಾಂಬಾ ಒಂದು ತಟ್ಟೆಗೆ ಚಿತ್ರಾನ್ನ ಹಾಕಿ ಅವರ ಕೈಗಿಟ್ಟು, "ನೀವು ತಟ್ಟೆಯವರು ಸಾರ್, ಅವರು ಎಲೆಯವರು. ಇಬ್ಬರೂ ಒಳಗೇ ಇರಿ" ಎಂದಳು. ಗೋವಿಂದರಾಯರು ತಟ್ಟೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು.

ಬಾಗಿಲು ಹಾಕಿದರು. ಅಕ್ಷರಾ ಬ್ಯಾನರನ್ನು ಬಿಚ್ಚಿ ಪಕ್ಕದ ಗೋಡೆಗೆ ಕಟ್ಟಿದ ಮೇಲೆ ಸಿನಿಮಾ ಶುರುವಾಯಿತು. ಪರದೆಯ ಮೇಲೆ ಹಿಮ, ದೊಡ್ಡ ಊಟದ ಮೇಜು, ಸುತ್ತಲೂ ಒಬ್ಬರ ಮೇಲೊಬ್ಬರು ಮುನಿಸಿಕೊಂಡ ಸಂಸಾರ. ಭಾಷೆ ಯಾರಿಗೂ ತಿಳಿಯದು. ಕೆಳಗಿನ ಇಂಗ್ಲಿಷ್ ಅಕ್ಷರ ಓದಲು ಬೇಕಾದ ಕನ್ನಡಕ ಅರ್ಧ ಜನರ ಮನೆಯಲ್ಲಿತ್ತು. ಆಗ ಹಾಲಸ್ವಾಮಿ ಮೈಕ್ ಎತ್ತಿಕೊಂಡು ಅರ್ಥ ಹೇಳಲು ನಿಂತ. ಅವನಿಗೂ ಅಕ್ಷರಗಳು ಅರ್ಧವೇ ತಿಳಿಯುತ್ತಿದ್ದವು. ಉಳಿದರ್ಧವನ್ನು ಭದ್ರಾವತಿಯಿಂದ ತುಂಬಿದ.

"ಈಗ ನೋಡಿ, ಇದು ಮುತ್ತಜ್ಜ. ಸತ್ತು ನಲವತ್ತು ವರ್ಷ. ಮೇಲೆ ಬಂದ ತಕ್ಷಣ ಏನಂತಿದ್ದಾನೆ? ಸಾರಿಗೆ ಉಪ್ಪಿಲ್ಲ ಅಂತಿದ್ದಾನೆ."

"ಥೇಟ್ ನಮ್ಮ ಮಾವನವರೇ" ಎಂದಳು ದಿವ್ಯಶ್ರೀ, ಪಕ್ಕದ ಫೋಟೋ ಕಡೆ ಒಂದು ಓರೆನೋಟ ಬೀರಿ.

"ಇದು ಅಜ್ಜಿ. ಅವಳ ಸೀರೆ ಬೀರುವಿನಿಂದ ಯಾರು ತೆಗೆದ್ರು ಅಂತ ಕೇಳ್ತಿದ್ದಾಳೆ. ಸೊಸೆ ತಲೆ ತಗ್ಗಿಸಿದ್ಲು ನೋಡಿ, ಇವಳೇ ತೆಗೆದಿದ್ದು."

ಸೀರೆಯ ವಿಷಯ ಅಕ್ಷರಾಗೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಆಕೆ ಒಂದೆರಡು ಸಲ "ಸಾರ್, ಅದು ಹಾಗಲ್ಲ" ಎಂದು ನೋಡಿ ಕೈಬಿಟ್ಟರು. ಹಾಲೆಲ್ಲ ಬಿದ್ದು ಬಿದ್ದು ನಗುತ್ತಿತ್ತು. ಹೆಂಗಸರು ಟಿಫಿನ್ ಕ್ಯಾರಿಯರಿನಲ್ಲಿ ಉಳಿದಿದ್ದ ವಡೆ, ಕಜ್ಜಾಯವನ್ನು ತಟ್ಟೆಯವರಿಗೆ ದಾಟಿಸಿದರು. ಸಿಂಹದ ಮಾತು ಯಾರಿಗೂ ನೆನಪಿರಲಿಲ್ಲ.

ಹನ್ನೆರಡೂವರೆಗೆ ಧರ್ಮೇಂದ್ರ ಪಕ್ಕದ ಬಾಗಿಲಿನಿಂದ ಒಳಗೆ ಬಂದ. ಕಂಕುಳಲ್ಲಿ ಹಾಲ್ ರಿಜಿಸ್ಟರು, ಕೈಯಲ್ಲಿ ಟಾರ್ಚು. ನಗು ಕೇಳಿ ಅವನ ಹುಬ್ಬು ಗಂಟಿಕ್ಕಿತು. ಟಾರ್ಚು ಬಿಟ್ಟು ಸಾಲು ಸಾಲಾಗಿ ಎಣಿಸಲು ಶುರುಮಾಡಿದ. ಹಾಲಸ್ವಾಮಿಯ ಮಾತು ನಿಂತುಹೋಯಿತು. ಮುತ್ತಜ್ಜ ಏನು ಹೇಳುತ್ತಿದ್ದಾನೆಂದು ಯಾರಿಗೂ ತಿಳಿಯಲಿಲ್ಲ.

"ನಲವತ್ತೆಂಟು ಕುರ್ಚಿ ತುಂಬಿದೆ" ಎಂದ ಧರ್ಮೇಂದ್ರ ಹತ್ತಿರ ಬಂದು. "ಅದರಲ್ಲಿ ಹದಿನಾಲ್ಕು ಫೋಟೋ. ಫೋಟೋ ಲೆಕ್ಕಕ್ಕೆ ಬರಲ್ಲ ಹಾಲಸ್ವಾಮಿ. ಜೀವ ಇರೋರು ಮೂವತ್ತನಾಲ್ಕು."

"ಕುರ್ಚಿ ತುಂಬ್ಬೇಕು ಅಂದಿದ್ರಿ ಅಣ್ಣ. ಉಸಿರಾಡ್ಬೇಕು ಅಂತ ಹೇಳಿರ್ಲಿಲ್ಲ."

"ತಲೆಹರಟೆ ಬೇಡ. ಫೋಟೋ ಸೇರಿಸಿದ್ರೂ ಎರಡು ಖಾಲಿ ಇದೆಯಲ್ಲ. ಸೋಮವಾರದಿಂದ ಜುಂಬಾ."

ಹಾಲಸ್ವಾಮಿ ಕೊನೆಯ ಸಾಲಿನ ಆ ಎರಡು ಖಾಲಿ ಕುರ್ಚಿಗಳನ್ನೇ ನೋಡಿದ. ನಾಳೆಯಿಂದ ತಾನು ಬರೀ ನಟ್ಟು ಬೋಲ್ಟು ಎಣಿಸುವವನು ಎಂದುಕೊಂಡಾಗ ಅಳುವೇ ಬಂದಂತಾಯಿತು.

ಅಷ್ಟರಲ್ಲಿ ಮುಂಬಾಗಿಲು ಸ್ವಲ್ಪವೇ ತೆರೆಯಿತು. ಒಳಗೆ ಬಂದವರು ಸರಸ್ವತಮ್ಮ, ಧರ್ಮೇಂದ್ರನ ತಾಯಿ. ಎಪ್ಪತ್ತೆಂಟು ವರ್ಷ. ಎದೆಗವಚಿಕೊಂಡಿದ್ದ ಒಂದು ಫೋಟೋ, ಅದಕ್ಕೆ ಸೇವಂತಿಗೆ ಹಾರ. ಬಾಗಿಲಲ್ಲಿದ್ದ ಜಗದಾಂಬಾ ಅವರ ಕೈ ಹಿಡಿದು, "ಅಮ್ಮ, ನಮ್ಮನೆಯವರದ್ದೇ ತಪ್ಪು. ಇದು ಹಬ್ಬ ಅಲ್ಲ, ಸಿನಿಮಾ" ಎಂದಳು.

"ಸಿನಿಮಾನಾ?" ಎಂದರು ಸರಸ್ವತಮ್ಮ. ಪರದೆ ನೋಡಿದರು. ಕೈಯಲ್ಲಿದ್ದ ಭೂತಪ್ಪನವರ ಫೋಟೋ ನೋಡಿದರು. "ಹಾಗಾದ್ರೆ ಇವರು ಸರಿಯಾದ ಜಾಗಕ್ಕೇ ಬಂದ್ರು ಬಿಡು."

ನಿಧಾನವಾಗಿ ಕೊನೆಯ ಸಾಲಿಗೆ ನಡೆದು ಗಂಡನನ್ನು ಒಂದು ಕುರ್ಚಿಯಲ್ಲಿ ಕೂರಿಸಿದರು. ಬೀಳದಂತೆ ಹಿಂದಕ್ಕೆ ಒರಗಿಸಿ, ಮುಖ ಪರದೆಯ ಕಡೆ ತಿರುಗಿಸಿದರು. ಪಕ್ಕದ ಕುರ್ಚಿಯಲ್ಲಿ ತಾವು ಕೂತರು.

ಧರ್ಮೇಂದ್ರನ ಟಾರ್ಚು ಆ ಕಡೆ ತಿರುಗಿತು. ಬೆಳಕು ನೇರ ಅಪ್ಪನ ಮುಖದ ಮೇಲೆ ಬಿತ್ತು.

"ಟಾರ್ಚ್ ಆರಿಸೋ" ಎಂದರು ಸರಸ್ವತಮ್ಮ. "ನೋಡ್ತಿದ್ದಾರೆ. ಕಣ್ಣಿಗೆ ಬಿಡ್ಬೇಡ."

"ಅಮ್ಮ, ನೀನ್ಯಾಕೆ ಬಂದೆ? ಮನೇಲಿ ಎಡೆ ಇಡೋಣ ಅಂದಿದ್ನಲ್ಲ."

"ಮನೇಲಿ ಅವರು ಯಾವಾಗ ಇದ್ರು? ಮೂವತ್ತು ವರ್ಷ ಇದೇ ಹಾಲಲ್ಲಿ ಊರಿಗೆಲ್ಲ ಸಿನಿಮಾ ತೋರಿಸಿದ್ರು. ನಾನು ಇಲ್ಲಿ ಕೆಳಗೆ ಕೂತಿರ್ತಿದ್ದೆ, ಅವರು ಮೇಲೆ ಮಷೀನ್ ರೂಮಲ್ಲಿ. ಒಂದು ದಿನ, ಒಂದೇ ಒಂದು ದಿನ ನನ್ನ ಪಕ್ಕ ಕೂತು ನೋಡ್ಲಿಲ್ಲ. ಇವತ್ತು ಕೂತಿದ್ದಾರೆ. ಸುಮ್ನಿರು."

ಧರ್ಮೇಂದ್ರ ಟಾರ್ಚು ಆರಿಸಿದ. ಕೂರೋಣವೆಂದು ಸುತ್ತಲೂ ನೋಡಿದ. ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಅವನೇ ಎಣಿಸಿದ್ದರಿಂದ ಅದರಲ್ಲಿ ಅನುಮಾನವೂ ಇರಲಿಲ್ಲ. ಹಾಲ್ ಸಮಿತಿಯ ಅಧ್ಯಕ್ಷ ಅಪ್ಪನ ಕುರ್ಚಿಯ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, "ಏ ಹಾಲಸ್ವಾಮಿ, ಆ ಮುದುಕ ಏನಂತಿದ್ದಾನೆ ಹೇಳು ಮಾರಾಯ, ನಿಲ್ಲಿಸ್ಬಿಟ್ಟೆಯಲ್ಲ" ಎಂದ.

ಹಾಲಸ್ವಾಮಿ ಪರದೆ ನೋಡಿದ. ಮುತ್ತಜ್ಜ ಏನು ಹೇಳುತ್ತಿದ್ದನೋ ದೇವರೇ ಬಲ್ಲ. "ಮಗನ್ನ ಕರೀತಿದ್ದಾನೆ ಅಣ್ಣ" ಎಂದ. "ಹೆಸರು ಹಿಡಿದು ಕರೀತಿದ್ದಾನೆ."

ಅಕ್ಷರಾ ಕೆಳಗಿನ ಇಂಗ್ಲಿಷ್ ಅಕ್ಷರ ಓದಿದರು. ಅಲ್ಲಿ 'ಇನ್ನೊಂದು ಆಲೂಗಡ್ಡೆ ಕೊಡು' ಎಂದಿತ್ತು. ಈ ಸಲ ಆಕೆ ತಿದ್ದಲು ಹೋಗಲಿಲ್ಲ.

ಸಿನಿಮಾ ಮುಗಿದಾಗ ಒಂದೂವರೆ. ಹೆಂಗಸರು ಎಡೆಯ ಎಲೆಗಳನ್ನು ಎತ್ತಿ ಎಲ್ಲರಿಗೂ ಪ್ರಸಾದ ಹಂಚಿದರು. ವಿಷ್ಣುಪ್ರಸಾದ್ ತಮ್ಮ ಇಪ್ಪತ್ತೊಂದು ಜನಕ್ಕೂ ಶಾಲು ಹೊದಿಸಿ ಫೋಟೋ ತೆಗೆದರು. ಒಟ್ಟು ಇಪ್ಪತ್ತೈದು ಶಾಲು ತಂದಿದ್ದರು, ನಾಲ್ಕು ಮಿಕ್ಕವು. ಮಿಕ್ಕಿದ್ದನ್ನು ವಾಪಸ್ ಒಯ್ದರೆ ಯಾಕೆ ಮಿಕ್ಕಿತೆಂದು ಬರೆದುಕೊಡಬೇಕಾಗುತ್ತಿತ್ತು. ಹಾಗಾಗಿ ದಿವ್ಯಶ್ರೀಯ ಮಾವನಿಗೂ ಅತ್ತೆಗೂ ಡ್ರಾಯಿಂಗ್ ಮೇಷ್ಟ್ರಿಗೂ ಭೂತಪ್ಪನವರಿಗೂ ಒಂದೊಂದು ಸಂದವು. ಎರಡೂವರೆಗೆ ಬಸ್ಸಿನವನು ಹಾರ್ನ್ ಹೊಡೆದ. ಯಾರೂ ಏಳಲಿಲ್ಲ.

"ಹೊರಡಿ ಸಾರ್" ಎಂದು ವಿಷ್ಣುಪ್ರಸಾದ್ ಅಂಗಲಾಚಿದರು. "ತ್ಯಾವರೆಕೊಪ್ಪಕ್ಕೆ ಹೋಗೋಣ, ಸಿಂಹ ನೋಡೋಣ, ಸತ್ಯವಾಗ್ಲೂ."

"ಸಿಂಹ ಎಲ್ಲಿಗೂ ಓಡಿ ಹೋಗಲ್ಲ" ಎಂದರು ಗೋವಿಂದರಾಯರು ಶಾಲು ಸರಿಮಾಡಿಕೊಂಡು. "ಈ ಸಿನಿಮಾ ಇನ್ನೊಂದ್ಸಲ ಹಾಕ್ರಿ."

"ಹೌದಪ್ಪ, ಹಾಕು" ಎಂದರು ಕೊನೆಯ ಸಾಲಿನಿಂದ ಸರಸ್ವತಮ್ಮ. "ನಾವು ತಡವಾಗಿ ಬಂದ್ವಿ. ಇವರಿಗೆ ಮೊದಲನೇ ರೀಲು ತಪ್ಪಿಹೋಯ್ತು."

ಬಂದಿದ್ದರು, ಉಂಡಿದ್ದರು, ಹೋಗುತ್ತಿರಲಿಲ್ಲ. ಪೋಸ್ಟರಿನಲ್ಲಿ ಒಂದಕ್ಷರವೂ ಸುಳ್ಳಾಗಲಿಲ್ಲವೆಂದು ಹಾಲಸ್ವಾಮಿ ಹೆಂಡತಿಯ ಮುಖ ನೋಡಿದ. ಜಗದಾಂಬಾ, "ಮುಂದಿನ ಪೋಸ್ಟರ್ ನಾನು ಬರೀತೀನಿ" ಎಂದಳು.

ಎರಡನೇ ಸಲ ಬಾಗಿಲು ಹಾಕುವ ಮೊದಲು ಧರ್ಮೇಂದ್ರ ನೆಲದ ಮೇಲೆ ಕೂತಲ್ಲೇ ರಿಜಿಸ್ಟರು ಬಿಡಿಸಿ ಮೊಣಕಾಲ ಮೇಲಿಟ್ಟುಕೊಂಡ. ಕಾರ್ಯಕ್ರಮ ಎಂಬ ಕಡೆ 'ಸಿನಿಮಾ' ಎಂದು ದಪ್ಪಗೆ ಬರೆದ. ಹಾಜರಿ ಎಂಬ ಕಡೆ 'ಐವತ್ತು' ಎಂದು ಬರೆದ. ಷರಾ ಎಂಬ ಕೊನೆಯ ಕಾಲಂ ಹತ್ತಿರ ಪೆನ್ನು ಒಂದು ಕ್ಷಣ ನಿಂತಿತು. ಪಕ್ಕದ ಕುರ್ಚಿಯಲ್ಲಿ ಹೊಸ ಶಾಲು ಹೊದ್ದು ಕೂತಿದ್ದ ಅಪ್ಪನ ಕಡೆ ಒಮ್ಮೆ ನೋಡಿ, 'ಹಿರಿಯರೂ ಸೇರಿ' ಎಂದು ಬರೆದು ಸಹಿ ಹಾಕಿದ.